ಅಪ್ಪಗ ಮಾತ ಬರವಲ್ದು, ಪದ ಬರ್ತಾವ – ಇದೆಂಥಾದ್ದು ಹೇಳ್ರಿ

ನವಲೂರ_ಪೇರಲ
ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲೆ ಸಂಗೀತ ಗೊತ್ತಿದ್ದವ್ರು ಅದೀರಿ, ದವಾಖಾನಿ ಕಡೆ ಕೆಲಸ ಮಾಡೋರೂ ಅದೀರಿ, ಅದಕ್ಕ ಕೇಳಾಕತ್ತೀನಿ. ನಮ್ಮಪ್ಪಗ 67 ವಯಸ್ಸು, ಸರ್ಕಾರಿ ಬಸ್ಸಿನ್ಯಾಗ ಕಂಡಕ್ಟರ್ ಇದ್ದಾವ್ರು, ಹುಬ್ಬಳ್ಳಿ–ನವಲಗುಂದ ರೂಟಿನ್ಯಾಗ ಭಾಳ ವರ್ಷ ತಿರಗ್ಯಾರ. ಯುಗಾದಿ ಮುಂದ ಲಕ್ವಾ ಹೊಡೀತು. ಬಲಗೈ, ಬಲಗಾಲು, ಮಾತು ಮೂರೂ ಒಮ್ಮೆಲೆ ಹೋದುವು. ಕಾಲು ಒಂದೀಟು ಬಂದೈತಿ, ಗ್ವಾಡಿ ಹಿಡಕೊಂಡು ಬಚ್ಚಲತನಾ ಹೋಗ್ತಾರ. ಮಾತು ಮಾತ್ರ ಬರವಲ್ದು. ನಾವ್ ಹೇಳಿದ್ದೆಲ್ಲಾ ತಿಳೀತೈತಿ, ಪೇಪರ್ ಕೊಡ್ರಿ ಅಂದ್ರ ಎಡಗೈಲೆ ತಗದ ಕೊಡ್ತಾರ, ಆದ್ರ ಬಾಯಿ ತಗದ್ರ "ತ ತ ತ" ಅಷ್ಟ. ನೀರು ಅನ್ನಾಕ ಐದ ನಿಮಿಷ ಗುದ್ದ್ಯಾಡಿ ಕಡೀಕ ಸಿಟ್ಟಿಗೆದ್ದು ಲೋಟ ಒಗೀತಾರ.

ಹೋದ ಸೋಮವಾರ ಗುಡಿ ಭಜನಿ ಮ್ಯಾಳದವ್ರು ನೋಡಾಕ ಬಂದಿದ್ರು. ಅಪ್ಪ ಮೂವತ್ತ ವರ್ಷ ಆ ಮ್ಯಾಳದಾಗ ದಮ್ಮಡಿ ಬಾರ್ಸಿದಾವ್ರು. ಏನ್ ಮಾತಾಡೋದಂತ ತಿಳೀದ ಅವ್ರು ಅಲ್ಲೇ ಕುಂತು ಒಂದ ತತ್ವಪದ ಹಚ್ಚಿದ್ರು. ಎರಡನೇ ನುಡಿಗೆ ಅಪ್ಪ ಹಾಡಾಕ ಹತ್ತಿಬಿಟ್ರು. ಗುನುಗೋದಲ್ರಿ, ಪೂರಾ ಶಬ್ದ, ಒಂದಕ್ಷರ ತಪ್ಪಲಿಲ್ಲ, ಕಣ್ಣ ಮುಚ್ಚಿಕೊಂಡು ಮೊದಲ ಹೆಂಗ ಹಾಡ್ತಿದ್ರೋ ಹಂಗ. ಅವ್ವ ಒಲಿ ಮ್ಯಾಲಿನ ಚಾ ಬಿಟ್ಟು ಓಡಿ ಬಂದ್ಲು, ಚಾ ಎಲ್ಲಾ ಉಕ್ಕಿ ಹೋತು. ಪದ ಮುಗದ ಮ್ಯಾಲ ನಾ "ಅಪ್ಪಾ, ನನ್ನ ಹೆಸರ ಹೇಳ್ರಿ" ಅಂದೆ. "ತ ತ ತ."

ಇನ್ನೊಂದೈತಿ, ಬೈಗಳಾನೂ ಸ್ವಚ್ಛ ಬರ್ತಾವ. ಫಿಜಿಯೋ ಹುಡುಗ ಕಾಲ ಜಗ್ಗಿದಾಗ ಒಂದ ಬಂತು, ಇಲ್ಲೆ ಬರಿಯಂಥಾದ್ದಲ್ಲ.

ತೋರಿಸಿದ ದವಾಖಾನ್ಯಾಗ ಈ ಹಾಡಿನ ವಿಷಯ ಹೇಳಿದ್ರ "ಅವೆಲ್ಲಾ ಸುಮ್ನ ರೀ, ಮೂರ ತಿಂಗಳಾತು, ಇನ್ನ ಮಾತ ಬರೋದು ಕಷ್ಟ, ಗುಳಿಗಿ ಬಿಡಬ್ಯಾಡ್ರಿ" ಅಂದು ಮುಂದಿನ ಪೇಷಂಟ್ ಕರದ್ರು. ತಲ್ಯಾಗ ಮಾತಿನ ಜಾಗಾ ಬ್ಯಾರೆ, ಹಾಡಿನ ಜಾಗಾ ಬ್ಯಾರೆ ಇರ್ತಾವೇನ್ರಿ? ಹಾಡ ಹಿಡಕೊಂಡು ಮಾತ ಜಗ್ಗಿ ತರಾಕ ಬರ್ತೈತೇನು?

ಮಿರ್ಚಿ_ಗಿರ್ಮಿಟ್
ಅಣ್ಣಾ ಧೈರ್ಯ ಬಿಡಬ್ಯಾಡ. ನನ್ನ ಕಡೆ ವಾಟ್ಸಾಪಿನ್ಯಾಗ ಬಂದ ಒಂದ ಲಿಸ್ಟ್ ಐತಿ ನೋಡು, ಯಾವ ರೋಗಕ್ಕ ಯಾವ ರಾಗ ಅಂತ. ಬಿಪಿಗೊಂದು, ಶುಗರ್‌ಗೊಂದು, ಲಕ್ವಾಕ್ಕೂ ಐತಿ. ದಿನಾ ಮುಂಜಾನೆ ನಲವತ್ತೈದ ನಿಮಿಷ ಇಯರ್‌ಫೋನ್ ಹಾಕಿ ಕೇಳಸು. 528 ಹರ್ಟ್ಜ್ ಕಂಪನದ ಧ್ವನಿ ಅಂತ ಯೂಟ್ಯೂಬಿನ್ಯಾಗ ಸಿಗ್ತೈತಿ, ಅದೂ ಹಚ್ಚು. ಖರ್ಚೇನಿಲ್ಲಲ್ಲ.

ಉಣಕಲ್_ದಂಡಿ
ನಾನು ಸ್ಪೀಚ್ ಥೆರಪಿಸ್ಟ್, ಹುಬ್ಬಳ್ಳಿ ಕಡೆನ ಕೆಲಸ ಮಾಡ್ತೀನಿ. ಮೊದಲು ಒಂದ ಮಾತು, ಮೂರ ತಿಂಗಳಿಗೆ ಬಾಗಿಲಾ ಹಾಕಂಗಿಲ್ರಿ ಯಾರೂ. ಮೊದಲಿನ ತಿಂಗಳದಾಗ ಸುಧಾರಣೆ ಜೋರ ಇರ್ತೈತಿ, ಆಮ್ಯಾಲೆ ನಿಧಾನ ಆಗ್ತೈತಿ, ಆದ್ರ ವರ್ಷ ಆದ ಮ್ಯಾಲೂ ಸುಧಾರಿಸಿದವ್ರನ್ನ ನಾನ ನೋಡೀನಿ.

ನಿಮ್ಮಪ್ಪಾರಿಗೆ ಆಗಿದ್ದಕ್ಕ ಅಫೇಸಿಯಾ ಅಂತಾರ. ಬಲಗೈ ಬಲಗಾಲು ಹೋಗ್ಯಾವಂದ್ರ ಪೆಟ್ಟು ಬಿದ್ದಿದ್ದು ಎಡ ಮಿದುಳಿಗೆ, ಹೆಚ್ಚಿನ ಮಂದಿಗೆ ಮಾತು ಕಟ್ಟೋ ಕೆಲಸ ಆ ಎಡಗಡೇನ ನಡೀತೈತಿ. 1861ರಾಗ ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ಕಡೆ ಒಬ್ಬ ಪೇಷಂಟ್ ಇದ್ದ, ಎಲ್ಲಾ ತಿಳೀತಿತ್ತು ಅವಗ, ಬಾಯಾಗ ಬರ್ತಿದ್ದದ್ದು "ಟಾನ್ ಟಾನ್" ಅನ್ನೋದೊಂದ. ದವಾಖಾನ್ಯಾಗ ಅವನ ಹೆಸರ ಟಾನ್ ಆಗಿಬಿಟ್ಟಿತ್ತು. ಸಿಟ್ಟ ಬಂದ್ರ ಅವಗೂ ಬೈಗಳ ಬರ್ತಿತ್ತು. ಸತ್ತ ಮ್ಯಾಲ ತಲಿ ತಗದು ನೋಡಿದ್ರ ಎಡ ಹಣಿ ಹಿಂದಿನ ಭಾಗ ಹಾಳಾಗಿತ್ತು. ನಿಮ್ಮಪ್ಪಾರ "ತ ತ ತ" ಓದಿ ನನಗ ಅದ ನೆನಪಾತು.

ಹಾಡಿಗೆ ಹಂಗ ಒಂದ ಜಾಗಾ ಅಂತಿಲ್ಲ. ಸ್ವರದ ಏರಿಳಿತ ಹೆಚ್ಚು ಬಲಗಡೆ, ಶಬ್ದ ಎಡಗಡೆ, ತಾಳ ಕೈಕಾಲು ಆಡಿಸೋ ಭಾಗದಾಗ, ನೆನಪು ಇನ್ನೊಂದ ಕಡೆ, ಊರತುಂಬ ಹರಡಿದ ಸಂಸಾರ ಇದ್ದಂಗ. ಅದಕ್ಕ ಒಂದ ಮನಿಗೆ ಬೆಂಕಿ ಬಿದ್ರ ಪೂರಾ ಹೋಗಂಗಿಲ್ಲ. ಮತ್ತ ಬಾಯಿಪಾಠ ಆಗಿದ್ದು, ಅಂದ್ರ ಭಜನಿ, ಮಗ್ಗಿ, ವಾರದ ಹೆಸರು, ಬೈಗಳ, ಇವು ಹೊಸಾ ಮಾತು ಕಟ್ಟಿದಂಗ ಅಲ್ಲ, ಒಂದ ಎಳಿ ಜಗ್ಗಿದ್ರ ಪೂರಾ ಸರಾನ ಬರ್ತೈತಿ. ಮಾತು ಹೋದವ ಪ್ರಾರ್ಥನಾ ಹಾಡಿದ ಅಂತ ಹದಿನೆಂಟನೇ ಶತಮಾನದಾಗ ಸ್ವೀಡನ್ನಿನಾಗ ಬರದಿಟ್ಟಾರ, ನಿಮ್ಮ ಮನ್ಯಾಗಷ್ಟ ಆಗಿದ್ದಲ್ಲ.

ಇದನ್ನ ಉಪಯೋಗಿಸೋ ಪದ್ಧತಿ ಐತಿ, ಮೆಲೊಡಿಕ್ ಇಂಟೊನೇಶನ್ ಥೆರಪಿ, 1973ರಾಗ ಅಮೆರಿಕಾದ ಬಾಸ್ಟನ್ನಿನಾಗ ಶುರು ಮಾಡಿದ್ರು. ದಿನಾ ಬೇಕಾಗೋ ಸಣ್ಣ ಮಾತನ್ನ ಎರಡ ಸ್ವರದಾಗ ಎಳದು ಹೇಳೋದು, ಒಂದೊಂದ ಅಕ್ಷರಕ್ಕ ಪೇಷಂಟಿನ ಎಡಗೈ ಮ್ಯಾಲ ಒಂದೊಂದ ಬಡತ. ಮೊದಲು ನಾವೊಬ್ರ, ಆಮ್ಯಾಲೆ ಕೂಡಿ, ಆಮ್ಯಾಲೆ ನಾವು ಮೆತ್ತಗ ಧ್ವನಿ ಇಳಿಸಿ ಅವ್ರೊಬ್ರನ್ನ ಬಿಡೋದು, ಕಡೀಕ ರಾಗಾನೂ ತಗದ್ಹಾಕೋದು. 2011ರಾಗ ತಲಿಗೆ ಗುಂಡ ಬಿದ್ದ ಅಮೆರಿಕಾದ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವ್ರಿಗೂ ಹಾಡಿನ ಥೆರಪಿ ಕೊಟ್ಟಿದ್ರು. ಎಲ್ಲಾರಿಗೂ ಫಲ ಕೊಡತೈತಿ ಅನ್ನಂಗಿಲ್ಲ. ಆದ್ರ ತಿಳುವಳಿಕೆ ಚೊಲೋ ಐತಿ, ಹಾಡ ಬರ್ತೈತಿ, ಮಾತ ಮಾತ್ರ ಇಲ್ಲ ಅನ್ನೋರಿಗೇ ಇದು ಹೊಂದೋದು. ಹತ್ರ ಇರೋ ಸ್ಪೀಚ್ ಥೆರಪಿಸ್ಟ್‌ಗೆ ಒಮ್ಮೆ ತೋರಸ್ರಿ, ಮೈಸೂರಿನ ಆಯಿಷ್ ಸಂಸ್ಥೆನೂ ಐತಿ, 1965ರಿಂದ ಮಾತು ಮತ್ತ ಕಿವಿದ ಕೆಲಸಾನ ಮಾಡ್ತಾರ.

ಮಿರ್ಚಿಯವ್ರ, ಇಯರ್‌ಫೋನ್ ಹಾಕಿ ಸುಮ್ನ ಕುಂದ್ರಿಸಿದ್ರ ಮಾತ ಬರಂಗಿಲ್ರಿ. ಬಾಯಿ ಕೈ ಎರಡೂ ಆಡಬೇಕು.

ಖರೇನ_ಸುಳ್ಳ
ರಾಣೆಬೆನ್ನೂರಿನವನು, ಈಗ ಬೆಂಗಳೂರಲ್ಲಿದೀನಿ, ಭಾಷೆ ಸ್ವಲ್ಪ ಕೆಟ್ಟಿದೆ, ಕ್ಷಮಿಸ್ರಿ. ಥೆರಪಿಸ್ಟ್ ಮೇಡಂ ಹೇಳಿದ್ದು ಸರಿ, ಆದ್ರೆ ಈ 528 ಹರ್ಟ್ಜ್ ನೋಡಿ ತಡಕೊಳ್ಳೋಕಾಗ್ಲಿಲ್ಲ. ಮೊಜಾರ್ಟ್ ಕೇಳಿಸಿದ್ರೆ ಮಕ್ಕಳು ಜಾಣರಾಗ್ತಾರೆ ಅಂತ ಸೀಡಿ ಮಾರಿದ್ರಲ್ಲ, ಅದರ ಮೂಲ ಏನು ಗೊತ್ತಾ? 1993ರಲ್ಲಿ 36 ಜನ ಕಾಲೇಜ್ ಸ್ಟೂಡೆಂಟ್ಸ್‌ಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿ, ಕಾಗದ ಮಡಚಿ ಕತ್ತರಿಸಿದ್ರೆ ಹೇಗೆ ಕಾಣತ್ತೆ ಅನ್ನೋ ಥರದ ಲೆಕ್ಕ ಕೊಟ್ರು, ಸ್ವಲ್ಪ ಚೆನ್ನಾಗಿ ಮಾಡಿದ್ರು, ಅದೂ ಕಾಲು ಗಂಟೆ ಅಷ್ಟೇ. ಮಕ್ಕಳೂ ಇಲ್ಲ, ಜಾಣತನಾನೂ ಇಲ್ಲ. ಅದನ್ನ ಹಿಡಕೊಂಡು 1998ರಲ್ಲಿ ಅಮೆರಿಕಾದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸೀಡಿ ಕೊಡೋಕೆ 1,05,000 ಡಾಲರ್ ಬಜೆಟ್ ಕೇಳಿದ್ದ. ಮುಂದೆ ಬೇರೆಯವರು ಪರೀಕ್ಷೆ ಮಾಡಿದಾಗ, ಮನಸ್ಸು ಸ್ವಲ್ಪ ಚುರುಕಾದ್ರೆ ಯಾವುದು ಕೇಳಿದ್ರೂ ಅಷ್ಟೇ ಅನ್ನೋ ಕಡೆ ಬಂತು. ನಿಮ್ಮ ರಾಗದ ಲಿಸ್ಟೂ ಇದರ ತಮ್ಮಾನೇ.

ಮಿರ್ಚಿ_ಗಿರ್ಮಿಟ್
ಹಂಗಾರ ನಮ್ಮ ಹಿರ್ಯಾರು ಹುಚ್ಚರೇನ್ರಿ? ಮುಂಜಾನೆ ಭೈರವ, ಮಧ್ಯಾಹ್ನ ಭೀಮಪಲಾಸ, ಸಂಜಿಗೆ ಯಮನ್ ಅಂತ ಸುಮ್ಮ ಇಟ್ಟಾರ? ಹೊತ್ತಿಗೆ ಸರಿಯಾಗಿ ಮಿದುಳಿನ್ಯಾಗ ಏನರೆ ಆಗೋದಕ್ಕನ ಇಟ್ಟಾರ. ಧಾರವಾಡದ ನೀರ ಕುಡದ ಮಂದಿ ಹಿಂಗ ಮಾತಾಡ್ತಾರಂದ್ರ ನಗು ಬರ್ತೈತಿ. ಬೆಂಗಳೂರ ನೀರ ಅಂತ ಬಿಡ್ತೀನಿ.

ಜವಾರಿ_ತಂಬೂರಿ
ಮಿರ್ಚಿ, ನಾ ಐವತ್ತ ವರ್ಷ ಆತು ಹಾಡ್ಲಿಕ್ಕೆ ಹತ್ತಿ, ಧಾರವಾಡದಾಗನ ಪಾಠಾ ಹೇಳತೇನಿ, ನಾನೂ ಸಂಜಿಗಿ ಭೈರವ ಹಾಡೂದುಲ್ಲ. ಆದರ ಅದು ಮಿದುಳಿನ ಗಡಿಯಾರ ಅಲ್ಲಪಾ, ರೂಢಿ. ಮೈಸೂರ ಕಡೆ ಕರ್ನಾಟಕ ಸಂಗೀತದ ಕಛೇರಿಯೊಳಗ ರಾಗಕ್ಕ ಹೊತ್ತಿನ ಕಟ್ಟು ಇಷ್ಟು ಬಿಗಿ ಇಲ್ಲ, ಅವರ ಮಿದುಳೇನು ಬ್ಯಾರೆ ಕಾರ್ಖಾನಿಯೊಳಗ ಆಗ್ಯದೇನು? ಅಷ್ಟ್ಯಾಕ, ಕನ್ನಡ ಮಾತಾಡೋ ನಾವು ಹಿಂದುಸ್ತಾನಿಗೆ ಯಾಕ ಹೊರಳಿದ್ವಿ ಹೇಳು. ನೀರಲ್ಲ, ರೈಲು. 1956ರ ತನಕ ನಾವು ಮುಂಬೈ ಕಡೆಯವರು, ಮರಾಠಿ ನಾಟಕ ಕಂಪನಿ ಬಂದು ತಿಂಗಳಾನುಗಟ್ಲೆ ಠಿಕಾಣಿ ಹೂಡತಿದ್ದವು, ಅಬ್ದುಲ್ ಕರೀಮ್ ಖಾನ್ ಸಾಹೇಬ್ರು ಮೈಸೂರ ಅರಮನಿಗೆ ಹೋಗೋ ಬರೋ ದಾರಿಯೊಳಗ ಇಲ್ಲೆ ಇಳೀತಿದ್ರು. ಕುಂದಗೋಳದ ನಾಡಿಗೇರ ವಾಡೆದಾಗ ಸವಾಯಿ ಗಂಧರ್ವರಿಗೆ ಅವರು ಕಲಿಸಿದ್ರು, ಮುಂದ ಗಂಗೂಬಾಯಿಯವರು ಹುಬ್ಬಳ್ಳಿಂದ ರೈಲಿನೊಳಗ ಕುಂದಗೋಳಕ್ಕ ಹೋಗಿ ಸವಾಯಿ ಗಂಧರ್ವರ ಕಡೆ ಕಲತ್ರು, ರೋಣದಾಗ 1922ರೊಳಗ ಹುಟ್ಟಿದ ಭೀಮಸೇನ ಜೋಶಿಯವರೂ ಅಲ್ಲೇ ಬಂದ್ರು. ಕಿವಿ ಯಾವ ಮನಿಯೊಳಗ ಬೆಳೀತದ ಆ ಮನಿ ಅಡಗಿನ ಅದಕ್ಕ ರುಚಿ.

ಒಂದು ಅನುಭವ ಹೇಳತೇನಿ. ಹೊಸಾ ಹುಡುಗರನ್ನ ತಂಬೂರಿ ಮುಂದ ಕೂಡಸ್ತೇನಿ. ಮೀರಜದ ತಂಬೂರಿ, ನಾಕ ತಂತಿ, ಪ ಸಾ ಸಾ ಸಾ, ಕಡೀದು ಖರ್ಜ, ಅಂದರ ಕೆಳಗಿನ ಸಾ. ಗಂಧಾರದ, ಅಂದರ ಗ ಸ್ವರದ, ತಂತಿ ಅದರಾಗ ಇಲ್ಲ. "ಗಂಧಾರ ಕೇಳಸ್ತದೇನು?" ಅಂತ ಕೇಳತೇನಿ. ಪಾಪ, ಮಾರಿ ಮಾರಿ ನೋಡತಾವ. ತಂತಿ ಹಾಯೋ ಸಣ್ಣ ಪಟ್ಟಿಗೆ ಕುದರಿ ಅಂತೇವಿ, ಅದರ ಮ್ಯಾಲೆ ತಂತಿ ಕೆಳಗ ಒಂದು ನೂಲಿನ ಎಳಿ ಇರ್ತದ, ಅದನ್ನ ಕೂದಲೆಳಿಯಷ್ಟು ಆಚೆ ಈಚೆ ಸರಿಸಿದರ ಜವಾರಿ, ಅಂದರ ತಂತಿಯ ಝೇಂಕಾರ, ಬಿಚ್ಚತದ, ಒಂದು ತಂತಿಯೊಳಗಿಂದ ಹತ್ತು ಸ್ವರ ಎದ್ದ ಬರ್ತಾವ. ಸಾ ತಂತಿಯ ಐದು ಪಟ್ಟು ಕಂಪನ ಅಂದರ ಅದು ಗಂಧಾರನ. ಸಿ. ವಿ. ರಾಮನ್ನರು 1921ರ ಹೊತ್ತಿಗೆ ಇದರ ಮ್ಯಾಲೆ ಬರದಾರ, ಮೀಟಿದ ಜಾಗಾಕ್ಕ ಲೆಕ್ಕದ ಪ್ರಕಾರ ಯಾವ ಸ್ವರಾಂಶ ಹುಟ್ಟಬಾರದೋ ಅದೂ ನಮ್ಮ ತಂಬೂರಿಯೊಳಗ ಕೇಳಸ್ತದ ಅಂತ, ಅದಕ್ಕ ಕಾರಣ ಆ ಕುದರಿಯ ಬಾಗು ಮತ್ತ ಆ ನೂಲು. ನಾಕೈದ ತಿಂಗಳ ಆದಮ್ಯಾಲೆ ಒಂದು ದಿನ ಹುಡುಗ ತಾನ ಬಾಯಿ ತಗೀತಾನ, "ಸರ, ಬಂತು!" ಅಂತ. ತಂಬೂರಿ ಅದ, ತಂತಿ ಅದ, ಕ್ವಾಣಿ ಅದ. ಬದಲಾಗಿದ್ದು ಅವನ ತಲಿಯೊಳಗ.

ಹಂಗಂತ ಎಲ್ಲಾ ರೂಢಿನ ಅಂತಲೂ ಅಲ್ಲ. 1999ರೊಳಗ ಕೆನಡಾದ ಇಬ್ಬರು ನಮ್ಮ ರಾಗ ಎಂದೂ ಕೇಳದ ಮಂದಿಗೆ ಹಿಂದುಸ್ತಾನಿ ರಾಗ ಕೇಳಿಸಿ ಯಾವ ಭಾವ ಹೇಳ್ರಿ ಅಂದ್ರು. ಸಂತೋಷ, ದುಃಖ, ಸಿಟ್ಟು, ಮೂರನ್ನೂ ಬಹಳಷ್ಟು ಸರಿ ಹಿಡದರು, ಯಾಕಂದರ ಲಯ ಜೋರೋ ಸಾವಕಾಶೋ, ಸ್ವರ ಸರಳೋ ತೊಡಕೋ ಅದು ಎಲ್ಲಾ ಕಿವಿಗೂ ತಿಳೀತದ. ತಪ್ಪಿದ್ದು ಶಾಂತ. ನನಗ ಇದನ್ನ ಓದಿದಾಗ ಆಶ್ಚರ್ಯ ಅನಿಸಲಿಲ್ಲ. ಶಾಂತ ನಮ್ಮ ಮನಿ ಹುಡುಗರಿಗೇ ಹದಿನೈದು ವರ್ಷಕ್ಕ ತಿಳೀತದ.

ಖರೇನ_ಸುಳ್ಳ
ಗುರುಗಳೇ ಇದು ಒಪ್ಪಿದೆ. ಬೊಲಿವಿಯಾ ಕಾಡಿನ ಚಿಮಾನೆ ಅನ್ನೋ ಜನರ ಮೇಲೆ 2016ರಲ್ಲಿ ಮಾಡಿದ ಪ್ರಯೋಗಾನೂ ಹೀಗೇ, ನಮಗೆ ಕಿವಿಗೆ ಕಚ್ಚೋ ಬೆಸುರದ ಜೋಡಿ ಸ್ವರ ಅವರಿಗೆ ಇಂಪಿನ ಜೋಡಿಯಷ್ಟೇ ಹಿತ. ಬೆಸುರ ಅನ್ನೋದೂ ಅರ್ಧ ಕಲಿತಿದ್ದೇ ಅಂತಾಯ್ತು.

ಒಂದೇ ಅನುಮಾನ. ಇಷ್ಟೆಲ್ಲಾ ತಲೆಯಲ್ಲಿ ಜಾಗ ಹಿಡಿಯತ್ತೆ, ಆದ್ರೆ ಬದುಕೋಕೆ ಸಂಗೀತದಿಂದ ಏನು ಉಪಯೋಗ? ಮನಶ್ಶಾಸ್ತ್ರಜ್ಞ ಸ್ಟೀವನ್ ಪಿಂಕರ್ 1997ರಲ್ಲಿ ಇದನ್ನ ಕಿವಿಯ ಚೀಸ್‌ಕೇಕ್ ಅಂದ, ಅಂದ್ರೆ ನಾಲಿಗೆ ಚಪಲಕ್ಕೆ ಮಾಡಿಕೊಂಡಿದ್ದು, ಹೊಟ್ಟೆಗೆ ಬೇಕಾಗಿರಲಿಲ್ಲ ಅಂತ.

ಹಳೇ_ಹುಬ್ಳಿ
ಅಂವ ಇಲ್ಲೆ ಹುಟ್ಟಿದ್ರ ಪೇಡೆ ಅಂತಿದ್ದ. ಪೇಡೆ ಇಲ್ದ ಧಾರವಾಡ ಬದುಕತೈತೇನು ಕೇಳ್ರಿ ಅವನ್ನ 😄

ಸವಣೂರ_ಎಲಿ
ಉಪಯೋಗ ಏನು ಅಂದವ್ರು ಬೀಸೋಕಲ್ಲಿನ ಮುಂದ ಕುಂತಿಲ್ಲ ಅಂತ ಕಾಣ್ತೈತಿ. ನಮ್ಮಜ್ಜಿ ಹಾವೇರಿ ಕಡೆ ಹಳ್ಳಿಯಾಕಿ, ಎರಡ ವರ್ಷದ ಹಿಂದ ತೀರಿಕೊಂಡ್ಲು. ಬೆಳಗಿನ ಜಾವ ಎದ್ದು ಇಬ್ರು ಎದುರಾಬದುರಾ ಕುಂತು ಒಂದ ಗೂಟ ಹಿಡದು ಕಲ್ಲ ತಿರುಗಿಸೋದು, ಒಬ್ಬಾಕಿ ಜಗ್ಗೂದು ಇನ್ನೊಬ್ಬಾಕಿ ದೂಡೂದು, ನಡುವ ಎಡಗೈಲೆ ಹಿಡಿ ಜ್ವಾಳ ಹಾಕೋದು. ಪದ ಇಲ್ದಿದ್ರ ಎರಡ ಸುತ್ತಿಗೆ ಕೈ ತಪ್ಪತಾವ ಅಂತಿದ್ಲು. ತ್ರಿಪದಿ ಮೂರನೇ ಸಾಲಿಗೆ ಸುತ್ತು ಮುಗದು ಕಲ್ಲು ಮತ್ತ ತನ್ನ ಎದಿ ಮುಂದ ಬರಬೇಕು, ಬರದಿದ್ರ ಎದುರಿನಾಕಿ ನಿದ್ದಿಗಣ್ಣಾಗ ಅದಾಳ ಅಂತ ಲೆಕ್ಕ. ಸೇರು ಜ್ವಾಳಕ್ಕ ಇಷ್ಟ ಪದ ಅಂತ ಗಡಿಯಾರಾನೂ ಅದ, ದಣಿವಿಗೆ ಗುಳಿಗಿನೂ ಅದ, ಅತ್ತಿಗೆ ಬೈಯಾಕೂ ಅದ. ಚೀಸ್‌ಕೇಕ್ ಅಂತ.

ಕಡೇ ಮೂರ ವರ್ಷ ಆಕಿಗೆ ಮರವಿನ ಕಾಯಿಲೆ. ನನ್ನನ್ನ ತನ್ನ ತಂಗಿ ಅಂತಿದ್ಲು, ಉಂಡಿದ್ದು ಮರ್ತು ಮತ್ತ ಉಣ್ಣಾಕ ಕುಂದರ್ತಿದ್ಲು. ಆದ್ರ ಮೊದಲನೇ ಸಾಲು ನಾ ಅಂದ್ರ ಸಾಕು, ಉಳಿದ ಪದ ಎಲ್ಲಾ ಬರ್ತಿದ್ದುವು, ಹಾಡೋ ಮುಂದ ಬಲಗೈ ತನ್ನಷ್ಟಕ್ಕ ಗಾಳ್ಯಾಗ ಸುತ್ತ ತಿರಗ್ತಿತ್ತು, ಗೂಟ ಹಿಡದಂಗ ಮುಷ್ಟಿ ಕಟ್ಟಿ. ಕಲ್ಲ ಬಿಟ್ಟು ನಲವತ್ತ ವರ್ಷ ಆಗಿತ್ತು. ಮೇಡಂ ಇದ್ಯಾಕ ಹಂಗ?

ಉಣಕಲ್_ದಂಡಿ
ಬಹಳ ವರ್ಷದಿಂದ ಗೊತ್ತಿದ್ದ ಹಾಡಿನ ನೆನಪು ಮಿದುಳಿನ ನಡು ಮುಂಭಾಗದಾಗ, ಕೈಕಾಲಿನ ಚಲನೆ ಯೋಜನೆ ಮಾಡೋ ಜಾಗಾದ ಹತ್ರ ಕುಂತಿರ್ತೈತಿ. ಅಲ್ಜೈಮರ್ಸ್ ಅಲ್ಲಿಗೆ ಮುಟ್ಟೋದು ತಡ. 2015ರಾಗ ಯುರೋಪಿನವ್ರು ಸ್ಕ್ಯಾನ್ ಮಾಡಿ ತೋರಿಸ್ಯಾರ. ಮತ್ತ ತಾಳ ಕೇಳಿದ್ರ ನಾವು ಕಲ್ಲಿನಂಗ ಸುಮ್ನ ಕುಂತಿದ್ರೂ ಚಲನೆಯ ಭಾಗ ಒಳಗ ಕೆಲಸ ಮಾಡ್ತಿರ್ತೈತಿ. ನಿಮ್ಮಜ್ಜಿಗೆ ಪದ ಬ್ಯಾರೆ, ಕೈ ಬ್ಯಾರೆ ಆಗಿರ್ಲಿಲ್ಲ ಕಾಣ್ತೈತಿ. ಪಾರ್ಕಿನ್ಸನ್ಸ್ ಇದ್ದವ್ರು ಹೊಸ್ತಿಲದಾಗ ಕಾಲ ಕಚ್ಚಿದಂಗ ನಿಂತಾಗ ಟಕ್ ಟಕ್ ಅಂತ ತಾಳ ಹಾಕಿದ್ರ ಹೆಜ್ಜಿ ಎತ್ತತಾರ, ಅದೂ ಇದ ದಾರಿ.

ಗದಗ_ಬೆಟಗೇರಿ_ಪ್ಯಾಸೆಂಜರ್
ನಾನು ಕಣ್ಣಿಲ್ದಾವ, ಫೋನ್ ಓದಿ ಹೇಳತೈತಿ ಅದರಿಂದ ಬರಿಯಾಕತ್ತೀನಿ, ಅಕ್ಷರ ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೊರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಒಂಬತ್ತ ವರ್ಷ ಇದ್ದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ದಾವ್ರ, ನಮ್ಮಂಥಾ ಹುಡುಗರಿಗೆ ಅನ್ನ ಹಾಕಾಕ ನಾಟಕ ಕಂಪನಿ ಕಟ್ಟಿ ಊರೂರ ತಿರಗಿದಾವ್ರು. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಅವ್ರಿಗೆ ಕಣ್ಣಿತ್ತು, ಅದನ್ಯಾಕ ಹೇಳ್ತೀನಂದ್ರ ಮಂದಿ ನನಗ ದಿನಾ ಹೇಳೋದು ಒಂದ, "ದೇವ್ರು ಕಣ್ಣ ಕಸಗೊಂಡು ಕಿವಿ ಕೊಟ್ಟಾನ." ಕೇಳಿ ಕೇಳಿ ಬ್ಯಾಸರ ಬಂದೈತಿ. ದೇವ್ರು ಕೊಟ್ಟಿದ್ದಲ್ರಿ, ನಸಿಕಿನ್ಯಾಗ ಎಬ್ಬಿಸಿ ಖರ್ಜ ಹಚ್ಚಿಸಿ ಕೊಟ್ಟಿದ್ದು. ನಾಕ ಹುಡುಗ್ರು ನಾಕ ಮೂಲ್ಯಾಗ ನಾಕ ರಾಗ ತಾಲೀಮ ಮಾಡೋ ಮುಂದ ನಿನ್ನ ಷಡ್ಜ ನೀ ಬಿಡದ ಹಿಡೀಬೇಕು. ಒಂದ ವಾರ ಕುಂದ್ರಿ ಹಂಗ, ನಿಮಗೂ ಬರ್ತೈತಿ ಕಿವಿ.

ಆದ್ರ ಪೂರಾ ಸುಳ್ಳೂ ಅಲ್ಲ. ಹುಟ್ಟ ಅಥವಾ ಕೂಸಿದ್ದಾಗನ ಕಣ್ಣ ಹೋದವ್ರಿಗೆ ಸ್ವರ ಏರ್ತೋ ಇಳೀತೋ ಅನ್ನೋದು ಚುರುಕ ತಿಳೀತೈತಿ, ದೊಡ್ಡವ್ರಾದ ಮ್ಯಾಲ ಹೋದವ್ರಿಗೆ ಹಂಗಿಲ್ಲ ಅಂತ 2004ರಾಗ ಕೆನಡಾದಾಗ ನೋಡ್ಯಾರ. ಬ್ರೈಲ್ ಓದೋ ಮುಂದ ನೋಡೋ ಭಾಗಾನ ಬೆರಳಿನ ಕೆಲಸಕ್ಕ ಹತ್ತತೈತಿ ಅಂತ 1996ರಾಗ ಕಂಡಾರ. ಖಾಲಿ ಬಿದ್ದ ಹೊಲಾ ಬಾಜೂದಾವ್ರು ಉತ್ತಂಗ ಅನ್ರಿ. ನಾ ಪಿಟೀಲು ಬಾರಸ್ತೀನಿ, ಪಿಟೀಲಿನವ್ರ ಎಡಗೈ ಬೆರಳಿಗೆ ಮಿದುಳಿನ್ಯಾಗ ಬಾಕಿ ಮಂದಿಗಿಂತ ಜಾಗಾ ಹೆಚ್ಚಂತ, ಸಣ್ಣಾಂವಿದ್ದಾಗ ಹಿಡದ್ರ ಇನ್ನೂ ಹೆಚ್ಚಂತ. ನನಗ ಏಳನೇ ವರ್ಷಕ್ಕ ಕೈಯಾಗ ಕೊಟ್ರು, ಬಡತ ತಿಂದ ಲೆಕ್ಕ ನೋಡಿದ್ರ ಬರೋಬ್ಬರಿ ಐತಿ.

ನವಲೂರಣ್ಣಾರ, ನಿಮ್ಮಪ್ಪಾರಿಗೆ ದಮ್ಮಡಿ ಕೊಟ್ಟೀರೇನು ಮತ್ತ?

ಹಳೇ_ಹುಬ್ಳಿ
ಎಲ್ಲಾ ಚೊಲೋ ಐತಿ, ಆದ್ರ ಗಣಪತಿ ಮುಂದಿನ ಡಿಜೆ ಬಗ್ಗೆ ಯಾರರ ಹೇಳ್ರಪಾ. ನಮ್ಮ ಓಣ್ಯಾಗ ಕಿಡಕಿ ಗ್ಲಾಸ್ ನಡಗತಾವ. ಹೋಳಿಗೆ ಹಲಗಿ ಬೆಂಕಿಗೆ ಕಾಸಿ ಬಡೀತಿದ್ವಿ, ಬ್ಯಾಹಟ್ಟಿ ಕಡೆ ಗಾಡಿ ಗಾಲಿ ಹಳಿಗೆ ಚರ್ಮ ಬಿಗದು ಜಗ್ಗಲಿಗಿ ಮಾಡ್ತಾರ, ಅದೂ ಎದಿಗೆ ಬಡೀತೈತಿ, ಆದ್ರ ಬಡಿಯಾಂವ ದಣದು ನಿಲ್ಲಸ್ತಾನ. ಡಿಜೆಗೆ ದಣಿವಿಲ್ಲ, ಅದ ತ್ರಾಸ.

ಉಣಕಲ್_ದಂಡಿ
85 ಡೆಸಿಬಲ್ ಆದ್ರ ಎಂಟ ತಾಸು, 100 ಆದ್ರ ಬರೇ ಕಾಲ ತಾಸು, ಅಷ್ಟ ಕಿವಿಯ ತಾಳಿಕಿ. ಒಳಗಿನ ಕೂದಲಿನಂಥಾ ಜೀವಕೋಶ ಒಮ್ಮೆ ಸತ್ರ ಮತ್ತ ಹುಟ್ಟಂಗಿಲ್ಲ. ಮರುದಿನ ಗುಂಯ್ ಅಂತಿದ್ರ ಅದು ಅಲ್ಲೆ ಹೊಡತ ಬಿದ್ದದ್ದರ ಸುಳಿವು.

ನವಲೂರ_ಪೇರಲ
ಹದಿನೈದ ದಿನ ಆತ್ರಿ, ಹೇಳಾಕ ತಡಾತು. ದಮ್ಮಡಿ ಕೊಟ್ವಿ. ಮೊದಲು ಎಡಗೈಲೆ ಹಿಡದು ಬಲಗೈಲೆ ಬಡೀತಿದ್ರು, ಈಗ ಬಲಗೈ ಇಲ್ಲಲ್ಲ, ತೊಡಿ ಮ್ಯಾಲ ಇಟ್ಟು ಎಡಗೈಲೆ ಬಡದ್ರು. ಎರಡ ದಿನ ತಾಳ ತಪ್ಪಿತು, ತಮಗ ತಾವ ಬೈಕೊಂಡ್ರು (ಸ್ವಚ್ಛಾಗಿ). ಮೂರನೇ ದಿನಕ್ಕ ಹತ್ತಿತು.

ಮಾತಿಂದು ಸೋತೆ. ನಾ ಏನ್ ಮಾಡಿದೆ, ಅವ್ರಿಗೆ ಪ್ರೀತಿಯ ಪದದ ಧಾಟಿಗೆ "ನೀರ ಬೇಕು, ಚಾ ಬೇಕು" ಅಂತ ಜೋಡಿಸಿ ಹಾಡಿದೆ. ಜೋಡಿ ಹಾಡಾಕತ್ರು, ನನಗ ಖುಷಿ ಆತು, ಎರಡನೇ ಸಾಲಿಗೆ ನೀರೂ ಇಲ್ಲ ಚಾನೂ ಇಲ್ಲ, ಸೀದಾ ಪದದ ಶಬ್ದಕ್ಕ ಹೋಗಿಬಿಟ್ರು, ಹತ್ತ ಸಲ ಮಾಡಿದ್ರ ಹತ್ತೂ ಸಲ ಹಂಗ. ನೀರಡಿಕಿ ಆದಾಗ ಪೂರಾ ತತ್ವಪದ ಕೇಳಬೇಕಾಗೈತಿ ಈಗ ಅವ್ವ.

ಉಣಕಲ್_ದಂಡಿ
ಇದು ನನ್ನ ತಪ್ಪು, ಮೊದಲ ಹೇಳಬೇಕಿತ್ತು. ಹಳೇ ಹಾಡಿನಾಗ ಧಾಟಿ ಶಬ್ದ ಎರಡೂ ಹೆಣದ ಜಡಿ ಇದ್ದಂಗ, ಬಿಚ್ಚಾಕ ಬರಂಗಿಲ್ಲ. ಅದಕ್ಕ ಈ ಥೆರಪಿಯಾಗ ಗೊತ್ತಿದ್ದ ಹಾಡ ಬಳಸಂಗಿಲ್ಲ, ಮಾತಿನ ಒಳಗ ಇರೋ ಏರಿಳಿತಾನ ಒಂದೀಟು ಹಿಗ್ಗಿಸಿ ಎಳೀತೀವಿ. 2011ರಾಗ ಜರ್ಮನಿಯವ್ರು ಇನ್ನೊಂದ ತೋರಿಸಿದ್ರು, ಕೆಲಸ ಮಾಡೋದು ರಾಗಕ್ಕಿಂತ ಹೆಚ್ಚು ತಾಳ, ಮತ್ತ ದಿನಾ ಆಡಿ ಆಡಿ ಸವದ ಮಾತು. ಇಂಗ್ಲಿಷಿನವ್ರ ಏರಿಳಿತ ನಮಗ ಹೊಂದಂಗಿಲ್ಲ. ಧಾರವಾಡದ ಮಾತಿಗೆ ಅದರದ ಒಂದ ಎಳತ ಐತಿ, ಅದರಾಗ ಹುಡುಕಬೇಕು.

ಜವಾರಿ_ತಂಬೂರಿ
ಕಂಡಕ್ಟರ್ ಇದ್ದರಂತಲ್ಲ ನಿಮ್ಮ ತಂದಿಯವರು? ದಿನಾ ನೂರು ಸಲ ಕೂಗಿದ್ದು ಏನರೆ ಇರಬೇಕಲ್ಲ. ನನಗ ನೆನಪದ, ಹಳೇ ಬಸ್ ಸ್ಟ್ಯಾಂಡಿನೊಳಗ "ನವಲಗುಂದ ನವಲಗುಂದ ನವಲಗುಂದಾss" ಅಂತ ಒಬ್ಬರು ಕೂಗತಿದ್ದರು, ಕಡೇ ಅಕ್ಷರ ಪಂಚಮದ ಮ್ಯಾಲೆ ನಿಲ್ಲತಿತ್ತು, ನಾ ಹುಡುಗರಿಗೆ ಕೇಳ್ರಲೇ ಇದನ್ನ ಅಂತಿದ್ದೆ. ಅವರ ಇರಬಹುದು, ಇರಲಿಕ್ಕಿಲ್ಲ.

ನವಲೂರ_ಪೇರಲ
ಗುರುಗಳ, ಮೈ ಜುಮ್ ಅಂತು ಓದಿ. ಅವ್ರ ಆಗಿರಲಿ ಬಿಡಲಿ. ಅವ್ವನ್ನ ಕೇಳಿದೆ, ಆಕಿ ನಕ್ಕೊಂತ ಹೇಳಿದ್ಲು, ನಿದ್ದ್ಯಾಗೂ ಅಂತಿದ್ರಂತ "ಮುಂದ ಹೋಗ್ರಿ, ಮುಂದ ಹೋಗ್ರಿ", "ಚಿಲ್ರಿ ಕೊಡ್ರಿ". ನಾಳಿಂದ ನೋಡ್ತೀನಿ.

ಮಿರ್ಚಿ_ಗಿರ್ಮಿಟ್
ಅಣ್ಣಾ ಲಿಸ್ಟ್ ಡಿಲೀಟ್ ಮಾಡೀನಿ. ನಾ ಬಸ್ಸಿನ್ಯಾಗ ಹಿಂದ ನಿಲ್ಲೂ ಪ್ಯಾಸೆಂಜರ್ ಆಗಾಕ ಬರ್ಲ್ಯಾ ಬೇಕಾದ್ರ, ಖರೇನ ಕೇಳಾಕತ್ತೀನಿ.

ನವಲೂರ_ಪೇರಲ
ಎರಡ ತಿಂಗಳ ಆತು ಈ ಹರಟಿ ಕಟ್ಟಿಗೆ ಬಂದು. ಮೇಡಂ ಹೇಳಿದಂಗ ವಾರಕ್ಕೆರಡ ಸಲ ಥೆರಪಿಗೆ ಹೋಗ್ತೀವಿ, ಮನ್ಯಾಗ ಮುಂಜಾನೆ ಅರ್ಧ ತಾಸು ಸಂಜಿಗೆ ಅರ್ಧ ತಾಸು. ಮಿರ್ಚಿ ಖರೇನ ಬಂದಿದ್ದ, ಗಿರ್ಮಿಟ್ ಕಟ್ಟಿಸಿಕೊಂಡು. ಮೊದಲ ವಾರ ಬರೇ "ಮುಂದ ಹೋಗ್ರಿ", ನಾನೂ ಅವ್ರೂ ಕೂಡಿ, ದಮ್ಮಡಿ ಮ್ಯಾಲ ಅಕ್ಷರಕ್ಕೊಂದ ಬಡತ, ಮುಂ, ದ, ಹೋ, ಗ್ರಿ. ಒಂದ ದಿನ ಶಬ್ದ ಬಿಟ್ಟು ಬರೇ ನಾಕ ಬಡತ ಹಾಕಿ ನಿಂತೆ, ಅವ್ರ ಅಂದ್ರು. ಆಮ್ಯಾಲೆ ಅದ ನಾಕ ಬಡತಕ್ಕ ಅದ ಏರಿಳಿತಕ್ಕ "ನೀ, ರ, ಕೊ, ಡ್ರಿ". ಇಪ್ಪತ್ತ ದಿನ ಹಿಡೀತ್ರಿ. ನಡಕ ನಡಕ ನೀರ ಹೋಗ್ರಿ, ಮುಂದ ಕೊಡ್ರಿ ಎಲ್ಲಾ ಬಂತು, ಮನಿ ಮಂದಿ ನಕ್ರೆ ಅವ್ರೂ ನಕ್ರು, ಲೋಟ ಒಗಿಯೋದು ನಿಂತಿತು.

ಈಗ ಎಂಟೊಂಬತ್ತ ಮಾತ ಅದಾವ. ನೀರ ಕೊಡ್ರಿ, ಚಾ ಕೊಡ್ರಿ, ಪೇಪರ್ ಕೊಡ್ರಿ, ಫ್ಯಾನ್ ಹಚ್ಚ್ರಿ, ಸಾಕ್ ಬಿಡ್ರಿ. ಎಲ್ಲಾ ಕಂಡಕ್ಟರ್ ಧಾಟ್ಯಾಗ, ತೊಡಿ ಮ್ಯಾಲ ಬೆರಳಿಲೆ ಬಡಕೋತ. ನನ್ನ ಹೆಸರ ಇನ್ನೂ ಬಂದಿಲ್ಲ, ಮೇಡಂ ಹೆಸರು ತಡಾನ ಬರೋದು ಅಂದಾರ.

ಒಂದ ತೊಡಕೈತಿ. ಪ್ಯಾಸೆಂಜರಿಗೆ ಅಂದ ಮಾತವು, ಅದಕ್ಕ ಎಲ್ಲಾರಿಗೂ "ರಿ" ಹಚ್ಚತಾರ, ಅವ್ವಗೂ. ನಲವತ್ತ ವರ್ಷದಾಗ "ಚಾ ತಾ" ಬಿಟ್ರ ಬ್ಯಾರೆ ಕೇಳಿಲ್ಲ ಆಕಿ. ನಿನ್ನೆ ಮೇಡಂ ಮುಂದ ನಾ ಅಂದೆ, ಮನಿಯವ್ರಿಗೆ ಕೊಡು ಅನ್ನೋದು ಕಲಿಸೋಣೇನು ಅಂತ. ಅವ್ವ ಹಿಂದಿಂದ ನನ್ನ ರಟ್ಟಿ ಚಿವುಟಿ, "ಹಂಗ ಇರ್ಲಿ ಬಿಡು, ತಿದ್ದಬ್ಯಾಡ" ಅಂದ್ಲು.